ಜೆನೆಟಿಕ್ಸ್ ಪತ್ರಿಕೆಯಲ್ಲಿ ತೊಗರಿ ಹುಡುಕುತ್ತಾ

ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ಹತ್ತಿರ ಬಂತೆಂದರೆ ನಮ್ಮ ಸಸ್ಯಶಾಸ್ತ್ರ ವಿಭಾಗದಲ್ಲಿ ಒಂದೇ ಪ್ರಶ್ನೆ: "ಮೇಡಂ, ಪ್ರಾಜೆಕ್ಟ್‌ಗೆ ಯಾವ ಟಾಪಿಕ್ ತಗೊಳ್ಳಲಿ?" ಕೇಳುವ ಮಕ್ಕಳಲ್ಲಿ ಜಾಸ್ತಿ ಜನ ಆಳಂದ, ಜೇವರ್ಗಿ, ಸೇಡಂ ಕಡೆಯವರು. ಮನೆಯಲ್ಲಿ ತೊಗರಿ ಹೊಲ ಇದ್ದವರು. ಆದರೆ ಅವರು ತರುವ ಟಾಪಿಕ್‌ನಲ್ಲಿ ಹೊಲವೇ ಇರುವುದಿಲ್ಲ. ಯಾವುದೋ ಒಂದು ಜೀನ್ ಕುಟುಂಬವನ್ನು (ಒಂದನ್ನೊಂದು ಹೋಲುವ ಜೀನ್‌ಗಳ ಗುಂಪನ್ನು) ಕಂಪ್ಯೂಟರ್‌ನಲ್ಲೇ ಹುಡುಕಿ ಪಟ್ಟಿ ಮಾಡುವ ಕೆಲಸ. "ಇಂಥದ್ದು ಬೇಗ ಪಬ್ಲಿಶ್ ಆಗುತ್ತೆ ಮೇಡಂ" ಅನ್ನುತ್ತಾರೆ. ಅವರ ಮಾತು ಸುಳ್ಳೇನಲ್ಲ. ನನಗೆ ಕಳವಳ ಇರುವುದೂ ಅದಕ್ಕೇ.

ಹೀಗಾಗಿ ಈ ಸಲ ಮಕ್ಕಳನ್ನು ಕೂರಿಸಿಕೊಂಡು 'ಜರ್ನಲ್ ಆಫ್ ಜೆನೆಟಿಕ್ಸ್' ಪತ್ರಿಕೆಯ ಹಳೆಯ ಸಂಚಿಕೆಗಳ ಶೀರ್ಷಿಕೆಗಳನ್ನು ಓದಿಸಿದೆ. ಬರೀ ಶೀರ್ಷಿಕೆ ಓದಿದರೂ ಸಾಕು, ಯಾವ ಕಾಲದಲ್ಲಿ ಜನ ಏನು ಕೇಳುತ್ತಿದ್ದರು ಅನ್ನುವುದು ತಿಳಿಯುತ್ತದೆ. ಈ ಪತ್ರಿಕೆಯನ್ನು ಇಂಗ್ಲೆಂಡಿನ ಜೆನೆಟಿಕ್ಸ್ ವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ 1910ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಶುರು ಮಾಡಿದರು. ಪಿಯುಸಿ ಓದಿದವರಿಗೆಲ್ಲ ಪನ್ನೆಟ್ ಚೌಕ ಗೊತ್ತೇ ಇದೆ, ಆ ಪನ್ನೆಟ್ ಇವರೇ. ಆಗಿನ ಲೇಖನಗಳಲ್ಲಿ ಸ್ವೀಟ್ ಪೀ, ಪ್ರಿಮುಲಾ, ಕೋಳಿಗಳದ್ದೇ ಸುದ್ದಿ. ಗಿಡ ಬೆಳೆಸಿ, ಕ್ರಾಸ್ ಮಾಡಿ, ಹುಟ್ಟಿದ್ದನ್ನೆಲ್ಲ ಎಣಿಸಿ ಬರೆಯುತ್ತಿದ್ದರು. ಬಹಳಷ್ಟು ಲೇಖನಗಳಿಗೆ ಒಬ್ಬರದ್ದೇ ಹೆಸರು.

ಆಮೇಲೆ ಬ್ರಿಟಿಷ್ ಜೀವವಿಜ್ಞಾನಿ ಹಾಲ್ಡೇನ್ ಬರುತ್ತಾರೆ. 1922ರಲ್ಲಿ ಬೇರೆ ಬೇರೆ ಜಾತಿಯ ಪ್ರಾಣಿಗಳ ಮಿಶ್ರ ಸಂತಾನದ ಬಗ್ಗೆ ಅವರು ಬರೆದದ್ದು ಇದೇ ಪತ್ರಿಕೆಯಲ್ಲಿ. ಅದನ್ನು ಇವತ್ತಿಗೂ ಹಾಲ್ಡೇನ್ ನಿಯಮ ಅಂತ ಕರೆಯುತ್ತೇವೆ. 1935ರಲ್ಲಿ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯನ್ನು ಇಟ್ಟುಕೊಂಡು, ಮನುಷ್ಯರ ಒಂದು ಜೀನ್ ಎಷ್ಟು ಸಲ ತಾನಾಗಿ ಬದಲಾಗುತ್ತದೆ ಎಂದು ಲೆಕ್ಕ ಹಾಕಿದರು. ಡಿಎನ್ಎಯ ಆಕಾರ ಯಾರಿಗೂ ಗೊತ್ತಿರದ ಕಾಲ ಅದು. ಒಳ್ಳೆಯ ಪ್ರಶ್ನೆ, ಕಾಗದ, ಲೆಕ್ಕ, ಅಷ್ಟೇ ಅವರ ಬಳಿ ಇದ್ದದ್ದು. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

1957ರಲ್ಲಿ ಹಾಲ್ಡೇನ್ ಭಾರತಕ್ಕೇ ಬಂದುಬಿಟ್ಟರು. ಅವರೇ ಸಂಪಾದಿಸುತ್ತಿದ್ದ ಈ ಪತ್ರಿಕೆಯೂ ಅವರ ಜೊತೆ ಬಂತು. ಮೊದಲು ಕಲ್ಕತ್ತ, ಆಮೇಲೆ ಭುವನೇಶ್ವರ. 1964ರಲ್ಲಿ ಅಲ್ಲೇ ತೀರಿಕೊಂಡರು. ಪತ್ನಿ ಹೆಲೆನ್ ಸ್ಪರ್ವೇ ಅದನ್ನು ಮುಂದುವರಿಸಿದರು. ಅವರ ನಂತರ ನಿಂತುಹೋಗಿದ್ದ ಪತ್ರಿಕೆಗೆ 1985ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತೆ ಜೀವ ಕೊಟ್ಟಿತು. ಅಂದರೆ ಇದು ಈಗ ನಮ್ಮದೇ ರಾಜ್ಯದಿಂದ ಬರುವ ಪತ್ರಿಕೆ. ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಇದು ಗೊತ್ತಿಲ್ಲ.

ಈಚಿನ ದಶಕಗಳ ವಿಷಯಗಳು ಉಪಕರಣದ ಹಿಂದೆ ಹಿಂದೆ ಹೋಗಿವೆ. ಮಾರ್ಕರ್ (ಡಿಎನ್ಎಯಲ್ಲಿ ಗುರುತು ಹಿಡಿಯಲು ಬಳಸುವ ತುಣುಕು) ಬಂದಾಗ ಮಾರ್ಕರ್ ಲೇಖನ. ಸೀಕ್ವೆನ್ಸಿಂಗ್ (ಡಿಎನ್ಎಯ ಅಕ್ಷರಗಳನ್ನು ಸಾಲಾಗಿ ಓದುವುದು) ಅಗ್ಗವಾದಾಗ ಸೀಕ್ವೆನ್ಸಿಂಗ್ ಲೇಖನ. ನಡುವೆ ಒಂದು ಕಾಲದಲ್ಲಿ ಎಲ್ಲ ಕಡೆಯ ಜೆನೆಟಿಕ್ಸ್ ಪತ್ರಿಕೆಗಳಲ್ಲೂ ಒಂದೇ ಅಚ್ಚಿನ ಲೇಖನಗಳು ತುಂಬಿದ್ದವು: ಇಂಥ ಜೀನ್‌ನ ಇಂಥ ಬದಲಾವಣೆಗೂ ಇಂಥ ಊರಿನ ಜನರ ಇಂಥ ಕಾಯಿಲೆಗೂ ಸಂಬಂಧ ಇದೆ ಅಂತ. ಕೆಲವೇ ನೂರು ಜನರ ರಕ್ತ ತೆಗೆದು ಮಾಡಿದ ಇಂಥ ಎಷ್ಟೋ ಫಲಿತಾಂಶಗಳು, ಮುಂದೆ ಸಾವಿರಾರು ಜನರ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್ಎ, ನೋಡಿದಾಗ ನಿಲ್ಲಲಿಲ್ಲ. 'ಬಿಹೇವಿಯರ್ ಜೆನೆಟಿಕ್ಸ್' ಪತ್ರಿಕೆಯ ಸಂಪಾದಕರು 2012ರಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮ ಹಾಕಿದರು. ಇಂಥ ಲೇಖನ ಕಳಿಸುವವರು ಸಾಕಷ್ಟು ಜನರನ್ನು ಪರೀಕ್ಷಿಸಿರಬೇಕು, ಹೊಸ ಫಲಿತಾಂಶವನ್ನು ಇನ್ನೊಂದು ಗುಂಪಿನಲ್ಲೂ ಮಾಡಿ ತೋರಿಸಬೇಕು ಅಂದರು. ಪತ್ರಿಕೆ ಮನಸ್ಸು ಮಾಡಿದರೆ ಗಾಳಿ ಬೀಸುವ ದಿಕ್ಕು ಬದಲಾಗುತ್ತದೆ, ಅಲ್ವಾ? ಅದಕ್ಕೇ ನಾನು ಟ್ರೆಂಡ್ ಅನ್ನುವುದನ್ನು ಮಳೆಯ ಹಾಗೆ ಮೇಲಿಂದ ಬೀಳುವ ಸಂಗತಿ ಅಂತ ಒಪ್ಪುವುದಿಲ್ಲ.

ಈಗ ತೊಗರಿಗೆ ಬರುತ್ತೇನೆ. ಆ ಪತ್ರಿಕೆ ಹುಟ್ಟಿದ 1910ರಲ್ಲೇ, ಬಿಹಾರದ ಪೂಸಾದಲ್ಲಿದ್ದ ಬಟ್ಲರ್ ಎಂಬ ಶಿಲೀಂಧ್ರ ವಿಜ್ಞಾನಿ ತೊಗರಿ ಒಣಗಿಸುವ ರೋಗದ ಬಗ್ಗೆ ದೊಡ್ಡ ವರದಿ ಬರೆದರು. ಫ್ಯುಸೇರಿಯಂ ಉಡುಂ ಅನ್ನುವ ಆ ಶಿಲೀಂಧ್ರವೇ ನಮ್ಮ ಕಡೆಯ ನೆಟೆ ರೋಗಕ್ಕೆ ಕಾರಣ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಬಾಡುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ರೋಗ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ನೂರು ವರ್ಷ ಕಳೆದರೂ ನಮ್ಮ ಎರಿ ಹೊಲಗಳಲ್ಲಿ ಅದು ಹೋಗಿಲ್ಲ.

ತೊಗರಿಯ ಜೀನೋಮ್ ಬಂದದ್ದು 2011ರ ಕೊನೆಗೆ. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ, 'ಆಶಾ' ತಳಿಯ ಮೇಲೆ ಆದ ಕೆಲಸ. 48,680 ಜೀನ್‌ಗಳ ಅಂದಾಜು ಸಿಕ್ಕಿತು. ಆ ಲೇಖನದ ಶೀರ್ಷಿಕೆಯಲ್ಲೇ ತೊಗರಿಯನ್ನು ಬಡ ರೈತರ ಅನಾಥ ಬೆಳೆ ಅಂತ ಕರೆದಿದ್ದಾರೆ. ತೊಗರಿ ಕಣಜ ಅನಿಸಿಕೊಂಡ ಕಲಬುರಗಿಯಲ್ಲಿ ಕೂತು ಅದನ್ನು ಓದಿದಾಗ ನನಗೆ ನೋವಾಯಿತು. ಆದರೆ ಸಂಶೋಧನೆಯ ಮಟ್ಟಿಗೆ ಆ ಮಾತು ನಿಜವೇ. ಭತ್ತಕ್ಕೆ, ಗೋಧಿಗೆ ಸಿಕ್ಕಷ್ಟು ಗಮನ, ದುಡ್ಡು ತೊಗರಿಗೆ ಎಂದೂ ಸಿಕ್ಕಿರಲಿಲ್ಲ.

ಹಾಗಾದರೆ ನೆಟೆ ರೋಗ ತಡೆಯುವ ತಳಿ ಬಂದದ್ದು ಎಲ್ಲಿಂದ? 'ಮಾರುತಿ' 1986ರಲ್ಲಿ ಬಿಡುಗಡೆ ಆಯಿತು, ಜೀನೋಮ್‌ಗೂ ಕಾಲು ಶತಮಾನ ಮೊದಲೇ. ರೋಗ ತುಂಬಿದ ಮಣ್ಣಿನ ಸಿಕ್ ಪ್ಲಾಟ್‌ನಲ್ಲಿ ಬೀಜ ಬಿತ್ತಿ, ಯಾವುದು ಸತ್ತಿತು ಯಾವುದು ಉಳಿಯಿತು ಅಂತ ಸಾಲು ಸಾಲು ನೋಡಿ ಆರಿಸುವುದೇ ಇದರ ದಾರಿ. ಇಲ್ಲೇ ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಕೂಡ ನೆಟೆ ತಡೆಯುವ ತಳಿ. ಇನ್ನೊಂದು ಸಂಗತಿ ನೋಡಿ. ನೆಟೆಗೆ ಬಗ್ಗದ ಮಾರುತಿ, ಗಿಡ ಹೂವು ಕಾಯಿ ಬಿಡದ ಹಾಗೆ ಮಾಡುವ ಗೊಡ್ಡು ರೋಗಕ್ಕೆ ಬೇಗ ಬಲಿಯಾಗುತ್ತದೆ. ಎಷ್ಟು ಬೇಗ ಅಂದರೆ, ಗೊಡ್ಡು ರೋಗದ ಪರೀಕ್ಷೆಗಳಲ್ಲಿ ರೋಗ ಸರಿಯಾಗಿ ಹಬ್ಬಿದೆಯಾ ಅಂತ ನೋಡಲು ಮಾರುತಿಯನ್ನೇ ಬಿತ್ತುತ್ತಾರೆ. ಒಂದು ಹೊಲದಲ್ಲಿ ಗೆದ್ದ ಗಿಡ ಪಕ್ಕದ ಹೊಲದಲ್ಲಿ ಸೋಲುವುದು ಯಾಕೆ ಅನ್ನುವುದು ಅಪ್ಪಟ ಜೆನೆಟಿಕ್ಸ್ ಪ್ರಶ್ನೆ.

ಇಂಥ ಪ್ರಶ್ನೆ ಹಿಡಿದರೆ ಎರಡು ಮೂರು ಮುಂಗಾರು ಬೇಕು. ಸತ್ತ ಗಿಡಗಳ ಕೋಷ್ಟಕ ನೋಡಿ ಸಂಪಾದಕರು ಖುಷಿಯಾಗುವುದು ಕಮ್ಮಿ. ಕೃಷಿ ವಿಜ್ಞಾನಿಗಳಿಗೆ ನಾಸ್ ರೇಟಿಂಗ್ (ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ ಅಂಕ) ಜಾಸ್ತಿ ಇರುವ ಪತ್ರಿಕೆ ಬೇಕು, ಬಡ್ತಿ ಅದರ ಮೇಲಿದೆ. ಎಲ್ಲರೂ ಪುಕ್ಕಟೆ ಓದುವಂತೆ ಪ್ರಕಟಿಸುವ ಹೊರಗಿನ ಎಷ್ಟೋ ಪತ್ರಿಕೆಗಳು ಲೇಖಕರಿಂದಲೇ ಡಾಲರ್‌ನಲ್ಲಿ ದುಡ್ಡು ಕೇಳುತ್ತವೆ. ಓದುವ ಕಷ್ಟ ಸ್ವಲ್ಪ ಕಮ್ಮಿಯಾಗಿದೆ. 2025ರ ಜನವರಿಯಿಂದ ಕೇಂದ್ರದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ತೆರೆದಿವೆ. ಖಾಸಗಿ ಕಾಲೇಜಿನ ಮಕ್ಕಳು ಇನ್ನೂ ಹೊರಗೇ ಇದ್ದಾರೆ, ಅದು ಸರಿಯಲ್ಲ. ಜರ್ನಲ್ ಆಫ್ ಜೆನೆಟಿಕ್ಸ್ ಓದಲು ಮಾತ್ರ ಯಾರ ಅಪ್ಪಣೆಯೂ ಬೇಡ. ಅಕಾಡೆಮಿಯ ವೆಬ್‌ಸೈಟ್‌ನಲ್ಲಿ ಸುಮ್ನೆ ತೆರೆದು ಓದಬಹುದು.

ನಮ್ಮ ಕಾಕಾ ಒಮ್ಮೆ ರಾಶಿ ಸಮಯದಲ್ಲಿ ಕೇಳಿದ್ದರು: "ನೀ ಓದೋ ಪುಸ್ತಕದಾಗ ನಮ್ಮ ಹೊಲದ್ದು ಏನರೆ ಅದ ಏನವ್ವ?" "ಸ್ವಲ್ಪ ಅದ ಕಾಕಾ" ಅಂದೆ. ಆ ಸ್ವಲ್ಪವನ್ನು ಜಾಸ್ತಿ ಮಾಡುವ ಆಸೆ ನನ್ನದು. ಕಂಪ್ಯೂಟರ್ ಕೆಲಸವನ್ನು ನಾನು ಬೇಡ ಅನ್ನುವುದಿಲ್ಲ, ಮಕ್ಕಳು ಅದನ್ನೂ ಕಲಿಯಲಿ. ಆದರೆ ಹುಡುಕುವ ಜೀನ್ ಯಾವುದು ಅನ್ನುವುದನ್ನು ಹೊಲದಲ್ಲಿ ಕಂಡ ಗಿಡ ಹೇಳಲಿ.

ಈ ಮುಂಗಾರಿಗೆ ಇಬ್ಬರು ವಿದ್ಯಾರ್ಥಿನಿಯರು ಊರೂರಿನ ಹಳೆಯ ತೊಗರಿ ಬೀಜ ಕೂಡಿಸಿ, ಮಾರುತಿ ಮತ್ತು ಟಿಎಸ್-3ಆರ್ ಪಕ್ಕದಲ್ಲಿ ಬಿತ್ತಲು ಒಪ್ಪಿದ್ದಾರೆ. ತೊಗರಿ ಹೂವಿಗೆ ಜೇನ್ನೊಣ ಬಂದು ತಳಿ ಕಲಬೆರಕೆ ಆಗುತ್ತದೆ, ಹಾಗಾಗಿ ಕೆಲವು ಗಿಡಗಳಿಗೆ ಬಲೆ ಕಟ್ಟುತ್ತೇವೆ. ಬಾಡಿದ ಗಿಡಗಳ ಲೆಕ್ಕವನ್ನೂ ಪೂರ್ತಿ ಬರೆದು ಪತ್ರಿಕೆಗೆ ಕಳಿಸುತ್ತೇವೆ. ನಿಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಬಂದ ಬೀಜ ಇದ್ದರೆ, ಪೇಟೆಯಿಂದ ತಂದದ್ದರ ಜೊತೆ ಬೆರೆಸದೆ ಎರಡು ಬೊಗಸೆ ಬೇರೆ ಎತ್ತಿಡಿ. ಯಾವ ಊರಿನದು, ಯಾವ ಹೊಲದ್ದು ಅಂತ ಒಂದು ಚೀಟಿ ಬರೆದು ಅದರೊಳಗೆ ಹಾಕಿ.