ಬೀಳಿನಲ್ಲಿ ಒಂಬತ್ತು ಎರೆಹುಳ

ಉತ್ತರೆ ಮಳೆ ಎರಡು ದಿನ ಹದವಾಗಿ ಹಿಡಿದು ಬಿಟ್ಟಿತ್ತು. ಮರುದಿನ ಬೆಳಿಗ್ಗೆಯೇ ಗುದ್ದಲಿ, ಬಾಂಡ್ಲಿ, ಒಂದು ಗೋಣಿತಾಟು ಹಿಡಿದು ಹೊರಟೆ.

"ಗುದ್ದಲಿ ತಗೊಂಡು ಎಲ್ಲಿಗಪ್ಪ ಇಷ್ಟೊತ್ತಿಗೆ?" ಅಂದಳು ಅವ್ವ.

"ಬೀಳಿಗೆ ಕಣವ್ವ. ಎರೆಹುಳ ಎಷ್ಟವೆ ನೋಡ್ಬೇಕು."

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಬುಡಕ್ಕೆ ನಮ್ಮದೊಂದು ಎಕರೆ ಕಲ್ಲು ಹೊಲ ಇದೆ. ಶೇಂಗಾ ಬಿತ್ತಿ ಬಿತ್ತಿ ಸೋತು ಅಪ್ಪ 2007ರಲ್ಲಿ ಅದನ್ನು ಬೀಳು ಬಿಟ್ಟರು. ಮೊದಲು ಬಂದರಿಕೆ, ಲಂಟಾನ ಎದ್ದವು. ಆಮೇಲೆ ಹಕ್ಕಿ ತಂದದ್ದೋ ಗಾಳಿ ತಂದದ್ದೋ, ಬೇವು, ತುಗ್ಗಲಿ, ಸೀತಾಫಲ, ಕಕ್ಕೆ. ಈಗ ಒಳಗೆ ನಿಂತರೆ ಮಧ್ಯಾಹ್ನವೂ ನೆರಳಿರುತ್ತದೆ. ಮೇಲೆ ಕಾಡು ಬಂತು ಸರಿ, ಕೆಳಗೆ ಮಣ್ಣಿಗೂ ಬಂತಾ ಅನ್ನೋದೇ ನನ್ನ ಪ್ರಶ್ನೆ.

ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ಮೂರು ಕಡೆ ತೆಗೆದೆ. ತೆಗೆದ ಮಣ್ಣನ್ನು ಗೋಣಿತಾಟಿನ ಮೇಲೆ ಸುರಿದು ಹೆಂಟೆ ಹೆಂಟೆ ಬೆರಳಲ್ಲಿ ಪುಡಿ ಮಾಡಿ ಹುಡುಕಿದೆ. ಮೆಕ್ಕೆಜೋಳದ ಹೊಲದಲ್ಲಿ ಸಿಕ್ಕಿದ್ದು ಎರಡು. ಚಿಕ್ಕಪ್ಪನ ಅಡಿಕೆ ತೋಟದಲ್ಲಿ, ಡ್ರಿಪ್ ಪೈಪಿನ ಪಕ್ಕ, ಮೂವತ್ತೊಂದು. ನನ್ನ ಬೀಳಿನಲ್ಲಿ ಒಂಬತ್ತು.

ಇಷ್ಟು ವರ್ಷ ಬೆಂಕಿ ಬೀಳದಂತೆ, ಕುರಿ ನುಗ್ಗದಂತೆ ಕಾದ ನೆಲದಲ್ಲಿ ಬರೀ ಒಂಬತ್ತು! ಬೇಜಾರಾಗಿ ಅಲ್ಲೇ ಕೂತುಬಿಟ್ಟೆ. ಆಮೇಲೆ ತೋಟದ ಹುಳ, ಬೀಳಿನ ಹುಳ ಹಾಕಿದ್ದ ಎರಡು ಸ್ಟೀಲ್ ತಟ್ಟೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ತೋಟದ ಮೂವತ್ತೊಂದೂ ಒಂದೇ ಥರ, ಬಿಳಚಿಕೊಂಡ ಮಣ್ಣಿನ ಬಣ್ಣ. ಬೀಳಿನ ಒಂಬತ್ತರಲ್ಲಿ ಮೂರು ಬಗೆ ಇದ್ದವು. ಮೇಲೆ ಕೊಳೆತ ಎಲೆಯ ಪದರದಲ್ಲೇ ಸಿಕ್ಕ ಬೆಂಕಿಕಡ್ಡಿ ಗಾತ್ರದ ಕಡುಗೆಂಪು ಹುಳ ಮೂರು. ನಾಲ್ಕು ಬೆರಳು ಕೆಳಗೆ ಬಿಳಚಿದವು ಐದು. ಗುಂಡಿಯ ತಳದಲ್ಲಿ, ನೆಟ್ಟಗೆ ಇಳಿದ ಬಿಲದೊಳಗೆ, ಗೇಣುದ್ದದ್ದು ಒಂದು. ಅದರ ತಲೆ ಕಡೆ ಕಂದು, ಬಾಲದ ಕಡೆ ತಿಳಿ.

ಎರೆಹುಳ ಓದಿದವರು ಹೀಗೇ ವಿಂಗಡಿಸುತ್ತಾರೆ. ಎಲೆಕಸದಲ್ಲೇ ಬದುಕುವವು, ಮಣ್ಣು ತಿನ್ನುತ್ತಾ ಅಡ್ಡಡ್ಡ ಓಡಾಡುವವು, ಆಳದ ಬಿಲದಿಂದ ರಾತ್ರಿ ಮೇಲೆ ಬಂದು ಎಲೆ ಎಳೆದುಕೊಂಡು ಹೋಗುವವು. ಕೆಲಸವೂ ಬೇರೆ ಬೇರೆ. ಮೊದಲನೆಯವು ಎಲೆ ಮುರಿಯುತ್ತವೆ, ಎರಡನೆಯವು ಮಣ್ಣನ್ನು ಹರಳು ಹರಳು ಮಾಡುತ್ತವೆ, ಮೂರನೆಯವುಗಳ ಬಿಲದಲ್ಲಿ ಮಳೆ ನೀರು ಕೆಳಗಿಳಿಯುತ್ತದೆ.

ಕೆರಿಬಿಯನ್ನಿನ ಪೋರ್ಟೊರಿಕೊದಲ್ಲಿ ದನ ಮೇಯಿಸಿ ಬಿಟ್ಟ ಹುಲ್ಲುಗಾವಲುಗಳು ತಾವಾಗಿಯೇ ಕಾಡಾಗಿವೆ. ಅಲ್ಲಿಯ ಹುಲ್ಲುಗಾವಲಲ್ಲಿ ಹುಳಗಳ ಸಂಖ್ಯೆ ಬಹಳ, ಆದರೆ ಬಹುಪಾಲು ಒಂದೇ ಜಾತಿ: ದಕ್ಷಿಣ ಅಮೆರಿಕ ಮೂಲದ ಪಾಂಟೊಸ್ಕೋಲೆಕ್ಸ್ ಕೊರೆತ್ರೂರಸ್. ಇನ್ನೊಂದು ಹುಳದ ಜೊತೆ ಕೂಡದೆಯೂ ಮರಿ ಮಾಡಬಲ್ಲ ಈ ಹುಳ, ಮನುಷ್ಯ ಕೆಡಿಸಿದ ಉಷ್ಣವಲಯದ ಮಣ್ಣಲ್ಲೆಲ್ಲಾ ಹಬ್ಬಿದೆ. ಕಾಡು ಬಲಿತಂತೆ ಅದರ ಸಂಖ್ಯೆ ಇಳಿಯುತ್ತದೆ, ಎಲೆಕಸ ಕೂಡಿದ ಹಳೆಯ ಕಾಡುಗಳಲ್ಲಿ ಅಲ್ಲಿನ ನಾಟಿ ಹುಳಗಳು ಮತ್ತೆ ಕಾಣುತ್ತವೆ. ಅದು ಮಳೆನಾಡು, ನಮ್ಮದು ಬಯಲುಸೀಮೆ. ಆದರೂ ಅದನ್ನು ಓದಿದ ಮೇಲೆ ನನ್ನ ಒಂಬತ್ತರ ಮೇಲೆ ಅಭಿಮಾನ ಹುಟ್ಟಿತು. ಎಷ್ಟು ತಲೆ ಅಂತ ಎಣಿಸುವುದಕ್ಕಿಂತ ಯಾರ್‍ಯಾರು ಯಾವ ಪದರದಲ್ಲಿದ್ದಾರೆ ಅಂತ ನೋಡಬೇಕಿತ್ತು.

ನಾನೂ ಒಂದು ತಪ್ಪು ಮಾಡಿದ್ದೆ. ಕೆಲವು ವರ್ಷದ ಹಿಂದೆ ಒಬ್ಬ ಮಾರಾಟಗಾರನ ಮಾತು ಕೇಳಿ ಎರಡು ಕೆ.ಜಿ. ಗೊಬ್ಬರದ ಹುಳ ತಂದು ಬೀಳಿಗೆ ಸುರಿದೆ. ಅದು ಆಫ್ರಿಕಾ ಮೂಲದ ಯೂಡ್ರಿಲಸ್. ಸಗಣಿ, ಕಸ, ಸದಾ ತೇವ ಇರುವ ತೊಟ್ಟಿಯಲ್ಲಿ ಅದನ್ನು ಮೀರಿಸುವುದು ಕಷ್ಟ. ನಮ್ಮ ಮಣ್ಣಿಗೆ ಅದು ಆಗದು. ಬೇಸಗೆ ಮುಗಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಅದೇ ಬೇಸಗೆ ಬೇಲಿ ಗೂಟ ನೆಡಲು ಹಾರೆ ಹಾಕಿದಾಗ ಒಂದು ಹೆಂಟೆ ಸೀಳಿತು. ಒಳಗೆ ನೆಲ್ಲಿಕಾಯಿ ಗಾತ್ರದ ಗೂಡು, ಅದರ ಗೋಡೆ ಲೋಳೆ ಸವರಿದಂತೆ ನುಣುಪು. ಅದರಲ್ಲಿ ಒಂದು ಹುಳ ತನ್ನನ್ನೇ ಗಂಟು ಹಾಕಿಕೊಂಡು ಮಲಗಿತ್ತು. ಸತ್ತಿದೆಯೇನೋ ಅಂದುಕೊಂಡೆ. ಅಂಗೈಲಿಟ್ಟು ಬಾಟಲಿ ನೀರು ನಾಲ್ಕು ಹನಿ ಬಿಟ್ಟೆ. ತುಸು ಹೊತ್ತಿಗೆ ಗಂಟು ನಿಧಾನಕ್ಕೆ ಸಡಿಲವಾಯಿತು. ತಂದು ಸುರಿದವು ಸತ್ತಿದ್ದವು; ಇಲ್ಲಿಯದು ಮಳೆ ಕಾಯುತ್ತಿತ್ತು. ಮತ್ತೆ ಅದೇ ಹೆಂಟೆಯೊಳಗಿಟ್ಟು ಮುಚ್ಚಿ ಬಂದೆ.

ಅವ್ವ ಬಚ್ಚಲ ಒಲೆಗೆ ಬೀಳಿನ ತರಗೆಲೆ ಗುಡಿಸಿ ತರುತ್ತಿದ್ದಳು. ಮೊನ್ನೆ ಆ ಕೆಂಪು ಹುಳಗಳ ತಟ್ಟೆಯನ್ನು ಅವಳಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಇವು ಎಲೆ ತಿಂತಾವಾ?"

"ಹೂಂ ಅವ್ವ. ಅದರಲ್ಲೇ ಮನೆ, ಅದರಲ್ಲೇ ಊಟ."

"ಹಂಗಾರೆ ನಾನು ರಸ್ತೆ ಮಗ್ಗುಲ ಹೊಂಗೆ ಎಲೆ ತತ್ತೀನಿ ಬಿಡು."

ಒಂಬತ್ತನ್ನೂ ತೆಗೆದ ಗುಂಡಿಗೇ ಬಿಟ್ಟು ಎಲೆ ಮುಚ್ಚಿದ್ದೇನೆ. ಸ್ವಾತಿ ಮಳೆ ಬಂದು ಹೋದ ಮೇಲೆ ಕಕ್ಕೆ ಮರದ ಕೆಳಗೆ ಇನ್ನೊಂದು ಗುಂಡಿ ತೆಗೆಯಬೇಕು. ಅಲ್ಲಿ ಎಲೆ ಇನ್ನೂ ದಪ್ಪ ಬಿದ್ದಿದೆ.