ಕಣಕ್ಕೊಂದು ತಾಪ

12 ಆಗಸ್ಟ್ 2024, ಸೋಮವಾರ

ಕಣ್ಣು ಉರಿಯುತ್ತಿದೆ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಪ್ರಯೋಗಾಲಯದ ಕಿರಿಯವಳ ಪ್ರಶ್ನೆ ತಲೆಯಲ್ಲೇ ಕುಳಿತಿದೆ.

ಸಂಜೆ ವನೇಡಿಯಂ ಡೈಆಕ್ಸೈಡ್ ಪದರವನ್ನು ಬಿಸಿ ಮಾಡುತ್ತಿದ್ದೆವು. 68 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಅವಾಹಕತನ ಬಿಟ್ಟು ಲೋಹದಂತೆ ವರ್ತಿಸತೊಡಗುತ್ತದೆ. ಜೋಡಿಜೋಡಿಯಾಗಿದ್ದ ವನೇಡಿಯಂ ಪರಮಾಣುಗಳು ಸಮಾನ ಅಂತರಕ್ಕೆ ಸರಿಯುತ್ತವೆ. ಮೊರಿನ್ ಎಂಬ ವಿಜ್ಞಾನಿ 1959ರಲ್ಲಿ ವರದಿ ಮಾಡಿದ ಬದಲಾವಣೆ ಇದು. ದಿಢೀರನೆ ಆಗುತ್ತದೆ ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಆದರೆ ಪರದೆಯ ಮೇಲೆ ವಿದ್ಯುತ್ ರೋಧದ ಗೆರೆ ಸಾವಕಾಶವಾಗಿ ಇಳಿಯಿತು.

“ಅಕ್ಕಾ, ಇದರಲ್ಲಿ ದಿಢೀರ್ ಎಲ್ಲಿದೆ?”

ಪದರದಲ್ಲಿ ಅಸಂಖ್ಯ ಕಣಗಳಿವೆ, ಒಂದೊಂದೂ ತನ್ನದೇ ತಾಪದಲ್ಲಿ ಜಿಗಿಯುತ್ತದೆ, ನಾವು ನೋಡುತ್ತಿರುವುದು ಆ ಜಿಗಿತಗಳ ಮೊತ್ತ ಎಂದೆ.

“ಒಂದೇ ಕಣವನ್ನು ನೋಡಿದರೆ?”

“ಒಮ್ಮೆಲೇ ಜಿಗಿಯಬಹುದು. ಆದರೆ 68ಕ್ಕೇ ಜಿಗಿಯಬೇಕೆಂದಿಲ್ಲ.”

ಹೊಸ ಪ್ರಾವಸ್ಥೆ, ಅಂದರೆ ವಸ್ತುವಿನ ಹೊಸ ರೂಪ, ಮೊಳೆಯಲು ಹರಳಿನಲ್ಲಿ ಎಲ್ಲೋ ಒಂದು ದೋಷ ಬೇಕು. ದೊಡ್ಡ ಹರಳಿನಲ್ಲಿ ಅಂಥವು ಧಾರಾಳ. ಕಣ ಕಿರಿದಾದಷ್ಟೂ ಅದರೊಳಗೆ ತಕ್ಕ ದೋಷ ಇರುವ ಸಂಭವ ಕಡಿಮೆ. ಹಾಗಾಗಿ ಬಿಸಿಯಾಗುವಾಗ ಬದಲಾಗಬೇಕಾದ ತಾಪ ದಾಟಿದರೂ ಅದು ಅವಾಹಕವಾಗಿಯೇ ಇರುತ್ತದೆ, ತಣಿಯುವಾಗ ಲೋಹವಾಗಿಯೇ ಉಳಿಯುತ್ತದೆ, ಹಿಸ್ಟರಿಸಿಸ್, ಅಂದರೆ ಈ ಎರಡು ಜಿಗಿತಗಳ ತಾಪಗಳ ನಡುವಿನ ಅಂತರ, ಅಗಲವಾಗುತ್ತದೆ. ಇದನ್ನು ವಿವರಿಸುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅವಳು ಅಲ್ಲಿಗೇ ಬಿಡಲಿಲ್ಲ. ಚಿನ್ನದ ಮಾತು ತೆಗೆದಳು. ಗಟ್ಟಿ ಚಿನ್ನ ಕರಗುವುದು 1064 ಡಿಗ್ರಿಯಲ್ಲಿ. ಎರಡು ಮೂರು ನ್ಯಾನೋಮೀಟರಿನ ಕಣ ಅದಕ್ಕಿಂತ ನೂರಾರು ಡಿಗ್ರಿ ಕೆಳಗೇ ಕರಗುತ್ತದೆ. ಅಲ್ಲಿನ ಕಾರಣ ಬೇರೆ: ಮೇಲ್ಮೈ ಪರಮಾಣುಗಳಿಗೆ ಹಿಡಿದುಕೊಳ್ಳಲು ನೆರೆಯವರು ಕಡಿಮೆ. ಗ್ಯಾಲಿಯಂ ಎಂಬ ಲೋಹ ಈ ಲೆಕ್ಕಕ್ಕೂ ಬಗ್ಗುವುದಿಲ್ಲ. ಅದರ ಕೆಲವು ಪುಟ್ಟ ಪರಮಾಣು ಗುಚ್ಛಗಳು ಗಟ್ಟಿ ಗ್ಯಾಲಿಯಂ ಕರಗುವುದಕ್ಕಿಂತ ಹೆಚ್ಚಿನ ತಾಪದಲ್ಲೂ ಘನವಾಗಿ ಉಳಿಯುತ್ತವೆ.

“ಹಾಗಾದರೆ ‘ಕರಗಿತು’ ಎನ್ನಲು ಎಷ್ಟು ಪರಮಾಣುಗಳಾದರೂ ಇರಬೇಕು?”

ಸಿದ್ಧಾಂತದ ಕಟ್ಟುನಿಟ್ಟಿನ ಅರ್ಥದಲ್ಲಿ ತೀಕ್ಷ್ಣ ಪ್ರಾವಸ್ಥಾಂತರ ಅನಂತ ಗಾತ್ರದ ವಸ್ತುವಿಗೆ ಮಾತ್ರ. ಕೆಲವೇ ಪರಮಾಣುಗಳ ಗುಚ್ಛ ಒಂದು ಗಳಿಗೆ ಘನ, ಮರುಗಳಿಗೆ ದ್ರವ ಎಂದು ಓಲಾಡಬಲ್ಲದು. ಇಷ್ಟು ಹೇಳಿದೆ. ಅವಳಿಗೆ ಸಾಲಲಿಲ್ಲ, ನನಗೂ.

ನಾಳೆ ಸಭೆ. ಸ್ಥಿತ್ಯಂತರ ತಾಪ ಎಷ್ಟು, ಒಂದು ಸಂಖ್ಯೆ ಕೊಡಿ ಎನ್ನುತ್ತಾರೆ. ಕೊಡಲು ಮನಸ್ಸಿಲ್ಲ. ಸರಾಸರಿ ತೆಗೆದರೆ ಅಳಿಸಿಹೋಗುವುದು ಕಣಕಣದ ನಡುವಿನ ವ್ಯತ್ಯಾಸ, ನಾವು ಹುಡುಕುತ್ತಿರುವುದೇ ಅದನ್ನು. ಬಿಡಿ ಕಣದ ರಾಮನ್ ರೋಹಿತ, ಅಂದರೆ ಲೇಸರ್ ಬಿಟ್ಟಾಗ ಅದು ಚದುರಿಸುವ ಬೆಳಕಿನ ನಕ್ಷೆ, ತೆಗೆಯಲು ಸಮಯ ಕೇಳಬೇಕು. ಲೋಹವಾದೊಡನೆ ಅವಾಹಕ ರೂಪದ ಚೂಪಾದ ಶಿಖರಗಳು ಮಾಯವಾಗುತ್ತವೆ, ಗುರುತಿಸುವುದು ಸುಲಭ. ಆದರೆ ಲೇಸರ್ ಬೆಳಕೇ ಕಣವನ್ನು ಕಾಯಿಸಿಬಿಟ್ಟರೆ ನಾವು ಬರೆದುಕೊಳ್ಳುವ ತಾಪ ಯಾರದ್ದು, ಕಣದ್ದೋ ಕೆಳಗಿನ ಹಲಗೆಯದ್ದೋ? ಲೇಸರ್ ಶಕ್ತಿಯನ್ನು ಅರ್ಧಕ್ಕಿಳಿಸಿ ಅದೇ ಕಣವನ್ನು ಮತ್ತೆ ಅಳೆದು, ಜಿಗಿತ ಸರಿಯದೆ ಅದೇ ತಾಪದಲ್ಲಿ ನಿಂತರೆ, ಲೇಸರ್ ಕಾಯಿಸುತ್ತಿಲ್ಲ ಎಂದುಕೊಳ್ಳಬಹುದು.