ಗ್ಯಾರೇಜಿನಲ್ಲಿ ಸಂಡಿಗೆ

ನಮ್ಮ ಮನೆಗೆ ಎರಡು ಅಡುಗೆಮನೆ. ಹೀಗಂದರೆ ಊರಲ್ಲಿ ನಾವೇನೋ ದೊಡ್ಡ ಬಂಗಲೆ ಕೊಂಡಿದ್ದೀವಿ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎರಡನೆಯದು ಇರುವುದು ಗ್ಯಾರೇಜಿನಲ್ಲಿ. ಕಾರು ನಿಲ್ಲಬೇಕಾದ ಜಾಗದಲ್ಲಿ ಒಂದು ಗ್ಯಾಸ್ ಒಲೆ, ಒಂದು ಸಿಮೆಂಟ್ ತೊಟ್ಟಿ, ಎಂಟು ಜನ ಕೂರುವಂಥ ಮರದ ಮೇಜು. ಕಾರು ರಸ್ತೆಯಲ್ಲಿ ನಿಲ್ಲುತ್ತದೆ.

ನಾವಿರುವುದು ಮೆಲ್ಬರ್ನ್ ನಗರದ ಉತ್ತರಕ್ಕೆ, ರೆಸರ್ವಾಯರ್ ಎಂಬ ಬಡಾವಣೆಯಲ್ಲಿ. ಬರೆಯುವುದು ಹಾಗೆ, ಇಲ್ಲಿನ ಹಳಬರ ಬಾಯಲ್ಲಿ ಅದು 'ರೆಸರ್ವೋರ್'. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿ, ಗ್ರೀಸ್ ಕಡೆಯಿಂದ ಸಾವಿರಾರು ಕುಟುಂಬಗಳು ಹಡಗು ಹತ್ತಿ ಮೆಲ್ಬರ್ನಿಗೆ ಬಂದವು. ಇಟಲಿ ಮತ್ತು ಆಸ್ಟ್ರೇಲಿಯಾ ಸರ್ಕಾರಗಳು 1951ರಲ್ಲಿ ಒಪ್ಪಂದವನ್ನೇ ಮಾಡಿಕೊಂಡವು. ಹಾಗೆ ಬಂದವರಲ್ಲಿ ಎಷ್ಟೋ ಜನ ಈ ಉತ್ತರದ ಬಡಾವಣೆಗಳಲ್ಲಿ ಇಟ್ಟಿಗೆ ಮನೆ ಕಟ್ಟಿಕೊಂಡರು. ಹಿತ್ತಿಲಲ್ಲಿ ನಿಂಬೆಗಿಡ, ಗ್ಯಾರೇಜಿನಲ್ಲಿ ಇನ್ನೊಂದು ಒಲೆ. ಒಳಗಿನ ಅಡುಗೆಮನೆ ನೆಂಟರು ಬಂದಾಗ ಫಳಫಳ ಹೊಳೀತಿರಬೇಕು. ಹುರಿಯೋದು, ಕರಿಯೋದು, ದೊಡ್ಡ ಪಾತ್ರೆ ಇಡೋದು ಎಲ್ಲ ಹೊರಗೆ.

ಮನೆ ತೋರಿಸಿದ ಏಜೆಂಟ್ ಹುಡುಗ ಆ ಒಲೆಯ ಮುಂದೆ ನಿಂತು ಸ್ವಲ್ಪ ಮುಜುಗರಪಟ್ಟುಕೊಂಡ. "ಇದನ್ನೆಲ್ಲ ಕಿತ್ತು ಹಾಕಿಸಬಹುದು" ಅಂದ. ನಾನು ನಮ್ಮನೆಯವರ ಮುಖ ನೋಡಿದೆ. ಅದಕ್ಕೆ ಹಿಂದೆ ಐದು ವರ್ಷ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗೆಲ್ಲ ಹೊಗೆಯ ಅಲಾರಾಂ ಕಿರುಚಿಕೊಳ್ಳುತ್ತಿತ್ತು. ನಾನು ಒಗ್ಗರಣೆ ಹಾಕುವುದು, ಮಗಳು ಕುರ್ಚಿ ಹತ್ತಿ ಟವೆಲ್ ಬೀಸುವುದು. ಅದೇ ನಮ್ಮ ಕೆಲಸ ಹಂಚಿಕೆ. ಕಿತ್ತು ಹಾಕುವುದಂತೆ!

ಒಲೆ ಮಾತ್ರ ಬಹಳ ಹಳೆಯದು. ನಮ್ಮನೆಯವರಿಗೆ ತಾವೇ ಬಿಚ್ಚಿ ಸರಿಮಾಡುವ ಹುರುಪು. ತಿಪಟೂರಿನಲ್ಲಿ ಫ್ಯೂಸ್ ಹೋದರೆ ಬೀದಿಯವರೆಲ್ಲ ಇವರನ್ನೇ ಕರೆಯುತ್ತಿದ್ದರಂತೆ. ಇಲ್ಲಿ ಆ ಪ್ರತಾಪ ನಡೆಯುವುದಿಲ್ಲ. ಈ ವಿಕ್ಟೋರಿಯಾ ರಾಜ್ಯದಲ್ಲಿ ಗ್ಯಾಸಿನ ಕೆಲಸಕ್ಕೆ ಲೈಸೆನ್ಸ್ ಇದ್ದವರೇ ಬರಬೇಕು. ಕರೆಂಟಿನದೂ ಅಷ್ಟೇ. ಒಂದು ಪ್ಲಗ್ ಪಾಯಿಂಟ್ ಬದಲಾಯಿಸಿದರೂ ಎಲೆಕ್ಟ್ರಿಷಿಯನ್ ಸುರಕ್ಷತೆಯ ಸರ್ಟಿಫಿಕೇಟ್ ಕೊಟ್ಟು ಹೋಗಬೇಕು. ಗ್ಯಾಸಿನವನು ಬಂದು ಬಾಗಿಲು ತಟ್ಟಿದ್ದಕ್ಕೇ ನೂರಿಪ್ಪತ್ತು ಡಾಲರ್. ಒಲೆ ಮುಟ್ಟಿದ್ದು ಆಮೇಲೆ. ಅಂತೂ ಹಳೆಯದನ್ನು ಎಸೆದು ಹೊಸದು ಕೂರಿಸಿದೆವು. ಇವರಿಗೆ ಉಳಿದದ್ದು ಗೋಡೆಗೆ ಬಣ್ಣ ಹೊಡೆಯುವುದು ಮತ್ತು ಶೆಲ್ಫ್ ಹಾಕುವುದು.

ಅದಕ್ಕಾಗಿ ಪ್ರತಿ ಶನಿವಾರ ಬನ್ನಿಂಗ್ಸ್ ಯಾತ್ರೆ. ಮೊಳೆಯಿಂದ ಹಿಡಿದು ಮನೆಯ ಬಾಗಿಲಿನವರೆಗೆ ಎಲ್ಲ ಸಿಗುವ ದೊಡ್ಡ ಹಾರ್ಡ್‌ವೇರ್ ಅಂಗಡಿ ಅದು. ವಾರಾಂತ್ಯದಲ್ಲಿ ಬಾಗಿಲಲ್ಲೇ ಯಾವುದೋ ಶಾಲೆಯವರೋ ಕ್ಲಬ್ಬಿನವರೋ ಚಂದಾ ಎತ್ತಲು ಮಾಂಸದ ಸಾಸೇಜ್ ಸುಡುತ್ತಿರುತ್ತಾರೆ. ಒಂದು ಬ್ರೆಡ್ಡು, ಒಂದು ಸಾಸೇಜು, ಹುರಿದ ಈರುಳ್ಳಿ. ಈರುಳ್ಳಿ ನೆಲಕ್ಕೆ ಬಿದ್ದು ಜನ ಜಾರಬಾರದು ಅಂತ 2018ರಲ್ಲಿ ಅಂಗಡಿಯವರು ಈರುಳ್ಳಿಯನ್ನು ಸಾಸೇಜಿನ ಕೆಳಗೆ ಹಾಕಲು ಹೇಳಿದರು. ದೇಶವೆಲ್ಲ ಅದೇ ಚರ್ಚೆ, ಪ್ರಧಾನಿಯವರೆಗೂ ಹೋಯಿತು. ನಮಗೆ ಆ ತಾಪತ್ರಯವಿಲ್ಲ. ನಾವು ಕೇಳುವುದು ಬರೀ ಈರುಳ್ಳಿ ಬ್ರೆಡ್ಡು. ಮೇಲೂ ಅದೇ, ಕೆಳಗೂ ಅದೇ.

ಗ್ಯಾರೇಜಿನ ತೊಲೆಗೆ ಸಾಲಾಗಿ ಹನ್ನೊಂದು ಕಬ್ಬಿಣದ ಕೊಕ್ಕೆ ಹೊಡೆದಿದ್ದರು. ಅವು ಯಾಕೆ ಅಂತ ನಮಗೆ ಗೊತ್ತು. ಚಳಿಗಾಲದಲ್ಲಿ ಹಂದಿಮಾಂಸದ ಸಲಾಮಿ ಮಾಡಿ ತೂಗುಹಾಕಿ ಒಣಗಿಸಲು. ನಾವು ಅವಕ್ಕೆ ಈರುಳ್ಳಿ ಚೀಲ, ಆಕಾಶಬುಟ್ಟಿ, ಮಕ್ಕಳ ಹೆಲ್ಮೆಟ್ಟು ನೇತುಹಾಕಿದೆವು. ಡಿಸೆಂಬರಿನಲ್ಲಿ ಅತ್ತೆ ಬಂದರು. ಬಂದ ದಿನವೇ ತಲೆಯೆತ್ತಿ ನೋಡಿ ಕೇಳಿದರು. ನಮ್ಮನೆಯವರು ಒಂದು ಕ್ಷಣವೂ ತಡಮಾಡದೆ "ಬಾಳೆಗೊನೆ ನೇತುಹಾಕೋಕೆ ಅಮ್ಮ" ಅಂದರು. ಈ ಚಳಿ ಊರಲ್ಲಿ ಬಾಳೆ ಎಲ್ಲಿ ಬೆಳೆಯುತ್ತೆ ಅಂತ ಅತ್ತೆ ಕೇಳಲಿಲ್ಲ, ಪುಣ್ಯ.

ಅತ್ತೆ ತಂದಿದ್ದ ಪೆಟ್ಟಿಗೆಯಲ್ಲಿ ಸಕ್ಕರೆ ಅಚ್ಚಿನ ಮರದ ಅಚ್ಚುಗಳಿದ್ದವು. ಈ ದೇಶಕ್ಕೆ ಮರದ ವಸ್ತು ತಂದರೆ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆಯಲೇಬೇಕು. ಬರೆಯದೆ ಸಿಕ್ಕಿಬಿದ್ದರೆ ದಂಡ. ಬರೆದುಬಿಟ್ಟರೆ ಹುಳ ಹೊಡೆದಿದೆಯಾ ಅಂತ ತಿರುವಿ ನೋಡಿ ಕೊಡುತ್ತಾರೆ. ಹಾಗೆಯೇ ಆಯಿತು. ಕೊಬ್ಬರಿ ಮಾತ್ರ ತರಬೇಡಿ ಅಂತ ನಾವೇ ಹೇಳಿದ್ದೆವು. ತಿಪಟೂರಿನವರು ಪರದೇಶದಲ್ಲಿ ಪ್ಯಾಕೆಟ್ ಕೊಬ್ಬರಿಗೆ ದುಡ್ಡು ಕೊಡುವುದು! ಅಂಗಡಿಯಲ್ಲಿ ಆ ಪ್ಯಾಕೆಟ್ಟನ್ನು ಮೂಸಿ ನೋಡಿದಾಗಿನ ಅತ್ತೆಯ ಮುಖ ನಾನು ಮರೆಯುವ ಹಾಗಿಲ್ಲ.

ಸಂಕ್ರಾಂತಿಗೆ ಇಲ್ಲಿ ಸರ್ಕಾರಿ ರಜೆ ಇಲ್ಲ. ಆದರೆ ಜನವರಿ ಹೆಚ್ಚುಕಡಿಮೆ ಪೂರ್ತಿ ಮಕ್ಕಳಿಗೆ ಬೇಸಿಗೆ ರಜೆ. ಹಾಗಾಗಿ ದಸರಾ, ದೀಪಾವಳಿಗಿಂತ ನಮ್ಮನೇಲಿ ಇದೇ ದೊಡ್ಡ ಹಬ್ಬ. ರಾತ್ರಿ ಎಂಟೂವರೆಯಾದರೂ ಬೆಳಕಿರುತ್ತದೆ. ಮೇಜಿನ ಸುತ್ತ ಕೂತು ಬೆಲ್ಲ ಹೆಚ್ಚುತ್ತಿದ್ದಾಗ ಅತ್ತೆ ಉತ್ತರಾಯಣದ ಮಾತು ತೆಗೆದರು. ಸೂರ್ಯ ಉತ್ತರಕ್ಕೆ ಹೊರಟ, ಇನ್ನು ಹಗಲು ಜಾಸ್ತಿ ಅಂದರು. ಏಳು ವರ್ಷದ ಮಗ, "ಅಜ್ಜಿ, ಉತ್ತರಕ್ಕೆ ಹೋದರೆ ನಮ್ಮಿಂದ ದೂರ ಹೋದ ಹಾಗಲ್ವಾ?" ಅಂದ. ಸರಿಯೇ. ಇಲ್ಲಿ ಡಿಸೆಂಬರ್ 22ರ ಸುಮಾರಿಗೆ ಹಗಲು ಎಲ್ಲಕ್ಕಿಂತ ಉದ್ದ. ಆಮೇಲೆ ದಿನವೂ ಚೂರು ಚೂರೇ ಗಿಡ್ಡ. ಅತ್ತೆ ಸ್ವಲ್ಪ ಯೋಚಿಸಿ, "ಹೋಗ್ಲಿ ಬಿಡು, ತಿಪಟೂರಿಗೆ ಹೋಗ್ತಾನಲ್ಲ" ಅಂದರು.

ಎಳ್ಳು ಬೀರಲು ಹೊರಡುವ ಮುಂಚೆ ಇಲ್ಲಿ ಒಂದು ಕೆಲಸ ಇದೆ. ಕಡಲೆಕಾಯಿ ಬೀಜ, ಎಳ್ಳು ಆಗದ ಮಕ್ಕಳಿದ್ದಾರಾ ಅಂತ ಮನೆಮನೆಗೂ ಮೊದಲೇ ಕೇಳಬೇಕು. ಈ ಅಲರ್ಜಿಯನ್ನು ಇಲ್ಲಿ ತಮಾಷೆಗೆ ತಗೊಳ್ಳುವುದಿಲ್ಲ, ತಗೊಳ್ಳಲೂಬಾರದು. ಹಾಗಾಗಿ ಎರಡು ಮನೆಗೆ ಬರೀ ಸಕ್ಕರೆ ಅಚ್ಚು. ಪಕ್ಕದ ಮನೆಯ ಇಟಾಲಿಯನ್ ಅಜ್ಜಿಗೆ ಪೂರ್ತಿ ಪೊಟ್ಟಣ. ಅವರನ್ನು ಮಕ್ಕಳು 'ನೊನ್ನಾ' ಅನ್ನುತ್ತಾರೆ, ಅಂದರೆ ಅಜ್ಜಿ ಅಂತಲೇ. ಎಂಬತ್ತು ದಾಟಿದೆ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದವರು. ನಮ್ಮ ಮನೆಯನ್ನು ಕಟ್ಟಿದವರು ಅವರ ಊರಿನವರೇ. ಒಂದು ಹಿಡಿ ಎಳ್ಳು ಬಾಯಿಗೆ ಹಾಕಿಕೊಂಡು, ತಮ್ಮೂರಲ್ಲೂ ಕ್ರಿಸ್‌ಮಸ್ಸಿಗೆ ಎಳ್ಳಿಗೆ ಜೇನು ಹಾಕಿ ಕಾಯಿಸಿ ಮಿಠಾಯಿ ಮಾಡ್ತಿದ್ದೆವು ಅಂದರು. ಆಮೇಲೆ ಅಚ್ಚಿನ ಆನೆಯನ್ನು ಕನ್ನಡಕ ಏರಿಸಿ ನೋಡಿ ಕಿಟಕಿಯಲ್ಲಿಟ್ಟರು. ಅದು ಈಗಲೂ ಅಲ್ಲೇ ಇದೆ. ಸೊಂಡಿಲು ಇರುವೆ ಪಾಲಾಗಿದೆ.

ಈಗ ಸಂಡಿಗೆ. ಊರಲ್ಲಿ ಶಿವರಾತ್ರಿ ಕಳೆದ ಮೇಲೆ ಹಪ್ಪಳ, ಸಂಡಿಗೆ ಶುರು. ಇಲ್ಲಿ ಆ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಜನವರಿಯೇ ಸರಿಯಾದ ಕಾಲ. ದೇಶದ ನಡುವಿನ ಒಣ ನೆಲದಿಂದ ಉತ್ತರದ ಗಾಳಿ ಬೀಸುವ ದಿನ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಒದ್ದೆ ಟವೆಲ್ ಹಾಕಿ ಒಳಗೆ ಬಂದು ಕಾಫಿ ಕುಡಿದು ಹೋದರೆ ಒಣಗಿರುತ್ತದೆ. "ಇಂಥ ಬಿಸಿಲನ್ನ ಸುಮ್ನೆ ಬಿಡ್ತಾ ಇದೀರಲ್ಲೇ" ಅಂತ ಅತ್ತೆಗೆ ನಿಜವಾಗಿಯೂ ಸಂಕಟ.

ಹಿಂದಿನ ರಾತ್ರಿ ಸಬ್ಬಕ್ಕಿ ನೆನೆಹಾಕಿದೆವು. ಬೆಳಗ್ಗೆ ಐದಕ್ಕೇ ಗ್ಯಾರೇಜಿನಲ್ಲಿ ದೊಡ್ಡ ಪಾತ್ರೆ ಇಟ್ಟು, ಕಾಳು ಕನ್ನಡಿಯ ಹಾಗೆ ಆಗುವ ತನಕ ಬೇಯಿಸಿ, ಹಸಿಮೆಣಸಿನಕಾಯಿ, ಜೀರಿಗೆ ರುಬ್ಬಿ ಹಾಕಿ, ಇಳಿಸಿದ ಮೇಲೆ ಹಿತ್ತಿಲಿನ ನಿಂಬೆಹಣ್ಣು ಹಿಂಡಿದೆವು. ಅತ್ತೆ ಚೂರು ನೆಕ್ಕಿ ನೋಡಿ, "ಸಂಡಿಗೆ ಹಿಟ್ಟು ಬಾಯಿಗೆ ಸಪ್ಪೆ ಅನ್ನಿಸಬೇಕು ಕಣೆ. ಒಣಗಿದ ಮೇಲೆ ಉಪ್ಪು ಎದ್ದು ಬರುತ್ತೆ" ಅಂತ ಹೇಳಿ ಸ್ನಾನಕ್ಕೆ ಹೋದರು. ನಾನು ನೋಡಿದೆ. ತೀರಾ ಸಪ್ಪೆ. ಒಂದು ಚಮಚ ಹಾಕಿದೆ. ಇನ್ನೂ ಸಪ್ಪೆ ಅನ್ನಿಸಿತು. ಇನ್ನೊಂದು ಹಾಕಿದೆ. ಇದನ್ನು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹಿತ್ತಿಲಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟೆವು. ಮಕ್ಕಳು ಶಾಲೆಯ ಅಗಲ ಅಂಚಿನ ಟೋಪಿ ಹಾಕಿಕೊಂಡು ಕಾವಲು ಕೂತರು. ಬೇಸಿಗೆಯಲ್ಲಿ ಟೋಪಿ ಇಲ್ಲದೆ ಹೋದರೆ ಶಾಲೆಯಲ್ಲಿ ಆಟಕ್ಕೇ ಬಿಡುವುದಿಲ್ಲ, ಇಲ್ಲಿನ ಬಿಸಿಲು ಚರ್ಮಕ್ಕೆ ಅಷ್ಟು ಕೆಟ್ಟದ್ದು. ಕಾಗೆ ಓಡಿಸುವ ಕೋಲು ಕೈಯಲ್ಲಿ. ಆದರೆ ಬಂದದ್ದು ಕಾಗೆಯಲ್ಲ, ಗೊರವಂಕ. ಹಳದಿ ಕಾಲಿನ, ನಮ್ಮ ಊರಿನ ಅದೇ ಗೊರವಂಕ. ತೋಟದ ಹುಳ ತಿನ್ನಲಿ ಅಂತ 1860ರ ದಶಕದಲ್ಲಿ ಮೆಲ್ಬರ್ನಿಗೆ ತಂದು ಬಿಟ್ಟರಂತೆ. ಈಗ ಇಲ್ಲಿನವರಿಗೆ ಅದನ್ನು ಕಂಡರಾಗದು. ಹೆಸರೂ 'ಇಂಡಿಯನ್ ಮೈನಾ'. ಅಷ್ಟು ದೂರ ಬಂದರೂ ಸಂಡಿಗೆಯ ಗುರುತು ಮರೆತಿರಲಿಲ್ಲ.

ಆ ದಿನ 41 ಡಿಗ್ರಿ. ಸಂಜೆ ಆರಕ್ಕೆ 'ಕೂಲ್ ಚೇಂಜ್' ಅಂತ ಫೋನು ಹೇಳಿತ್ತು. ಉತ್ತರದ ಬಿಸಿಗಾಳಿ ಇದ್ದಕ್ಕಿದ್ದಂತೆ ನಿಂತು ನೈರುತ್ಯದಿಂದ, ಸಮುದ್ರದ ಕಡೆಯಿಂದ, ತಣ್ಣನೆಯ ಗಾಳಿ ನುಗ್ಗುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಅರ್ಧ ಗಂಟೆಯಲ್ಲಿ ಹದಿನೈದು, ಇಪ್ಪತ್ತು ಡಿಗ್ರಿ ಇಳಿದುಬಿಡುತ್ತದೆ. ಅದು ಮೂರೂವರೆಗೇ ಬಂತು. ನಾವು ಊಟ ಮಾಡಿ ಅಡ್ಡಾಗಿದ್ದೆವು. ಎದ್ದು ಓಡುವಷ್ಟರಲ್ಲಿ ಪ್ಲಾಸ್ಟಿಕ್ ಹಾಳೆ ಇಟ್ಟಿಗೆ ಸಮೇತ ಎದ್ದು ಬೇಲಿಗೆ ಹೊಡೆದುಕೊಳ್ಳುತ್ತಿತ್ತು. ಮುಕ್ಕಾಲು ಒಣಗಿದ ಸಂಡಿಗೆಗಳು ಬೇಲಿ ಹಾರಿ ನೊನ್ನಾ ಅವರ ಟೊಮೆಟೊ ಗಿಡಗಳ ಮೇಲೆ. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಐದು ನಿಮಿಷ ನಕ್ಕರು. ನನಗೆ ನಗು ಬರಲಿಲ್ಲ. ಬೆಳಗಿನ ಐದಕ್ಕೆ ಎದ್ದಿದ್ದು ನಾನು.

ಅಲ್ಲಿಂದ ನಮ್ಮನೆಯವರಿಗೆ ಹೊಸ ಪ್ರಾಜೆಕ್ಟ್ ಸಿಕ್ಕಿತು. ಪೈನ್ ಮರದ ಪಟ್ಟಿ, ಸೊಳ್ಳೆ ಜಾಲರಿ, ಕೀಲು. ಪುಸ್ತಕದ ಹಾಗೆ ಮಡಚುವ ಎರಡು ಚೌಕಟ್ಟು, ನಡುವೆ ಸಂಡಿಗೆ. ಹಕ್ಕಿಯೂ ಇಲ್ಲ, ಗಾಳಿಯೂ ಇಲ್ಲ. ತುಂಬಾ ಚೆನ್ನಾಗಿತ್ತು. ಆದರೆ ಅದನ್ನು ಎಲ್ಲಿಡುವುದು? ಇಲ್ಲಿ ಹಳೆಯ ಹಿತ್ತಿಲುಗಳಲ್ಲಿ ಬಟ್ಟೆ ಒಣಗಿಸಲು ಕೊಡೆಯ ಹಾಗೆ ಬಿಚ್ಚಿಕೊಂಡು ಗಿರಗಿರ ತಿರುಗುವ ಒಂದು ಕಂಬ ಇರುತ್ತದೆ. ಹಿಲ್ಸ್ ಹಾಯ್ಸ್ಟ್ ಅಂತ ಹೆಸರು. ಅಡಿಲೇಡಿನಲ್ಲಿ 1945ರಲ್ಲಿ ಮಾಡಲು ಶುರು ಮಾಡಿದ್ದು. ಅದರ ನಾಲ್ಕು ಕೈಗೆ ಚೌಕಟ್ಟನ್ನು ತೊಟ್ಟಿಲಿನ ಹಾಗೆ ಕಟ್ಟಿದರು. "ಬೀಳಲ್ಲ ತಾನೇ?" ಅಂದೆ. "ಬೀಳೋದೇ ಇಲ್ಲ" ಅಂದರು. ಬೀಳಲಿಲ್ಲ, ನಿಜ. ಗಾಳಿ ಬಂದಾಗ ತಿರುಗಿತು. ಜಾತ್ರೆಯ ತೊಟ್ಟಿಲಿನ ಹಾಗೆ ಸಂಡಿಗೆಯೆಲ್ಲ ಒಂದು ಮೂಲೆಗೆ ಹೋಗಿ ಮುದ್ದೆಯಾಯಿತು. ಹನ್ನೊಂದು ವರ್ಷದ ಮಗಳು, "ಅಪ್ಪಾ, ನಾಲ್ಕು ಕಾಲು ಹಾಕಿ ನೆಲದ ಮೇಲೆ ನಿಲ್ಲಿಸಬಹುದಿತ್ತಲ್ಲ" ಅಂದಳು. ಮತ್ತೆ ಬನ್ನಿಂಗ್ಸ್. ಮತ್ತೆ ಈರುಳ್ಳಿ ಬ್ರೆಡ್ಡು.

ಜನವರಿ 26ರ 'ಆಸ್ಟ್ರೇಲಿಯಾ ಡೇ' ರಜೆಯ ಹೊತ್ತಿಗೆ ಕಾಲಿರುವ ಚೌಕಟ್ಟು ತಯಾರು. ಎರಡು ದಿನದಲ್ಲಿ ಎರಡು ದೊಡ್ಡ ಡಬ್ಬ ಸಂಡಿಗೆ, ಒಂದು ಡಬ್ಬ ಮಜ್ಜಿಗೆ ಮೆಣಸಿನಕಾಯಿ.

ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ನೊನ್ನಾ ಫೆಬ್ರುವರಿ ಕೊನೆಗೆ ನಮ್ಮನ್ನು ಕರೆದರು. ಅವರ ಮನೆಯಲ್ಲಿ ಟೊಮೆಟೊ ದಿನ. ಮಕ್ಕಳು, ಮೊಮ್ಮಕ್ಕಳು, ಪೆಟ್ಟಿಗೆಗಟ್ಟಲೆ ಉದ್ದ ಟೊಮೆಟೊ. ಬೇಯಿಸಿ, ಯಂತ್ರದ ಹಿಡಿ ತಿರುಗಿಸಿ ಸಿಪ್ಪೆ ಬೀಜ ಬೇರೆ ಮಾಡಿ, ಹಳೆಯ ಬಿಯರ್ ಬಾಟಲಿಗೆ ಒಂದೊಂದು ತುಳಸಿಯಂಥ ಎಲೆ ಹಾಕಿ ತುಂಬಿ, ಮುಚ್ಚಳ ಒತ್ತಿ, ದೊಡ್ಡ ಡ್ರಮ್ಮಿನ ನೀರಿನಲ್ಲಿ ಕುದಿಸುವುದು. ವರ್ಷಕ್ಕಾಗುವಷ್ಟು ಸಾಸ್. ಹಿಂದೆ ಸೌದೆ ಉರಿಯಂತೆ, ಈಗ ಗ್ಯಾಸ್ ಬರ್ನರ್. ಅತ್ತೆ ಸೆರಗು ಸಿಕ್ಕಿಸಿಕೊಂಡು ಹಿಡಿ ತಿರುಗಿಸಲು ಕೂತರು. "ಇಷ್ಟು ಹಣ್ಣಿಗೆ ಒಂದು ಚಮಚ ಖಾರದಪುಡಿನೂ ಹಾಕಲ್ವಾ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ಮಧ್ಯಾಹ್ನ ಎಲ್ಲರೂ ನಮ್ಮ ಗ್ಯಾರೇಜಿಗೆ ಬಂದರು. ಸಂಡಿಗೆ ಕರಿದೆ. ನೊನ್ನಾ ಆ ಮೇಜನ್ನು ಸವರಿ ನೋಡಿದರು. ಈ ಜಾಗದಲ್ಲಿ ಏನೇನು ಮಾಡುತ್ತಿದ್ದೆವು ಅಂತ ಹೇಳತೊಡಗಿದರು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಕೊನೆಗೆ ಕೊಕ್ಕೆಗಳತ್ತ ಬೆರಳು ತೋರಿಸಿ, ಮೂಗು ಮೇಲೆತ್ತಿ ಹಂದಿಯ ಹಾಗೆ ಗುಟುರು ಹಾಕಿ, ಕತ್ತರಿಸಿ, ತುಂಬಿ, ನೇತುಹಾಕುವುದನ್ನೆಲ್ಲ ಅಭಿನಯಿಸಿ ತೋರಿಸಿದರು.

ಅತ್ತೆ ಮಗನ ಕಡೆ ತಿರುಗಿದರು. "ಬಾಳೆಗೊನೆ ಅಂದ್ಯಲ್ಲೋ."

ಮಾರ್ಚಿನಲ್ಲಿ ಅತ್ತೆ ಹೊರಟಾಗ ಒಂದು ಡಬ್ಬ ಸಂಡಿಗೆ ಜೊತೆಗೆ ಕಟ್ಟಿಕೊಂಡರು. ಊರಿಂದ ಪರದೇಶಕ್ಕೆ ಸಂಡಿಗೆ ಹೋಗುವುದು ಎಲ್ಲರಿಗೂ ಗೊತ್ತು. ಪರದೇಶದಿಂದ ತಿಪಟೂರಿಗೆ ಹೋದದ್ದು ಇದೇ ಮೊದಲಿರಬೇಕು. ನೊನ್ನಾ ಕೊಟ್ಟ ಹನ್ನೆರಡು ಬಾಟಲಿಯಲ್ಲಿ ನಮಗೆ ಒಂಬತ್ತು ಉಳಿದಿವೆ. ಬೇಳೆ ಸಾರಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ಎಲೆ ತೆಗೆದು ಹಾಕಬೇಕು ಅಷ್ಟೇ.

ಹೋದ ಭಾನುವಾರ ನನ್ನ ವಾರಗಿತ್ತಿ ಫೋನ್ ಮಾಡಿದ್ದಳು. ಯುಗಾದಿಗೆ ಕರಿದರಂತೆ. "ಅರ್ಧ ಪುಡಿಯಾಗಿತ್ತು ಅಕ್ಕ. ಆದ್ರೆ ಎಣ್ಣೇಲಿ ಚೆನ್ನಾಗಿ ಅರಳಿತು. ಉಪ್ಪು ಮಾತ್ರ ಒಂಚೂರು ಜಾಸ್ತಿ."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಸ್ಪೀಕರ್ ಹಾಕೇ, ನಾನು ಮಾತಾಡ್ಬೇಕು."